ಮೈಸೂರಿಗೆ ಹಬ್ಬ ನೋಡಲು ಬರುವವರಿಗೆ: ಯಾವಾಗ ಬರಬೇಕು, ಎಲ್ಲಿ ನಿಲ್ಲಬೇಕು, ಹೇಗೆ ನೋಡಬೇಕು

ಮೈಸೂರು ಅಂದ ತಕ್ಷಣ ಹೊರಗಿನವರಿಗೆ ನೆನಪಾಗುವುದು ವಿಜಯದಶಮಿಯ ಜಂಬೂ ಸವಾರಿ. ಆ ಒಂದು ದಿನಕ್ಕೆ ಅಂತಲೇ ಲಕ್ಷಾಂತರ ಜನ ಬರುತ್ತಾರೆ. ಬೆಳಗ್ಗೆಯಿಂದ ರಸ್ತೆ ಬದಿಯಲ್ಲಿ ಕಾಯುತ್ತಾರೆ, ಸಂಜೆ ಅಂಬಾರಿಯನ್ನು ಸ್ವಲ್ಪ ಹೊತ್ತು ಕಣ್ತುಂಬಿಕೊಳ್ಳುತ್ತಾರೆ, ಅವತ್ತೇ ರಾತ್ರಿ ಹೊರಟುಬಿಡುತ್ತಾರೆ. ಅಂಬಾರಿ ನೋಡುವುದು ದೊಡ್ಡ ಭಾಗ್ಯವೇ. ಆದರೆ ನನ್ನನ್ನು ಕೇಳಿದರೆ, ಈ ಊರಿನ ಹಬ್ಬ ಚೆನ್ನಾಗಿ ಕಾಣುವುದು ಅದರ ತಯಾರಿಯಲ್ಲಿ, ಆಚೀಚೆಯ ದಿನಗಳಲ್ಲಿ, ವರ್ಷವಿಡೀ ನಡೆಯುವ ಜಾತ್ರೆಗಳಲ್ಲಿ. ಅಲ್ಲಿ ನೂಕುನುಗ್ಗಲು ಕಡಿಮೆ, ಖರ್ಚು ಕಡಿಮೆ, ಊರಿನವರ ಜೊತೆ ನಿಂತು ನೋಡುವ ಅವಕಾಶ ಜಾಸ್ತಿ.

ಹೆಜ್ಜೆ 1: ಮೊದಲು ಪಂಚಾಂಗ, ಆಮೇಲೆ ಟಿಕೆಟ್

ಇಲ್ಲಿನ ಹೆಚ್ಚಿನ ಹಬ್ಬಗಳು ಚಾಂದ್ರಮಾನ ಲೆಕ್ಕದಲ್ಲಿ ಬರುತ್ತವೆ. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ. ಅಂದರೆ ನಮ್ಮ ಗೋಡೆಯ ಕ್ಯಾಲೆಂಡರಿಗಿಂತ 11 ದಿನ ಕಡಿಮೆ. ಅದಕ್ಕೇ ಹಬ್ಬ ಪ್ರತಿ ವರ್ಷ ಅಷ್ಟು ಬೇಗ ಬರುತ್ತದೆ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ ಬಂತು, 2024ರಲ್ಲಿ ಅಕ್ಟೋಬರ್ 12ಕ್ಕೆ, 2025ರಲ್ಲಿ ಅಕ್ಟೋಬರ್ 2ಕ್ಕೆ. ಹೀಗೇ ಬಿಟ್ಟರೆ ದಸರಾ ಮಳೆಗಾಲದೊಳಗೆ ಹೋಗಿಬಿಡುತ್ತದೆ. ಅದನ್ನು ಸರಿ ಮಾಡಲಿಕ್ಕೇ ಅಧಿಕ ಮಾಸ ಇರುವುದು. ಹಬ್ಬಕ್ಕೆ ಮುಂಚೆ ಅಧಿಕ ಮಾಸ ಬಂದ ವರ್ಷ ದಸರಾ ಮತ್ತೆ ಅಕ್ಟೋಬರ್ ನಡುವಿಗೆ ಅಥವಾ ಕೊನೆಗೆ ಸರಿಯುತ್ತದೆ.

ಹಾಗಾಗಿ ಹೋದ ವರ್ಷದ ದಿನಾಂಕ ನೆನಪಿಟ್ಟುಕೊಂಡು ರಜೆ ಹಾಕಬೇಡಿ. ತಿಥಿಯನ್ನು ನೆನಪಿಟ್ಟುಕೊಳ್ಳಿ. ನವರಾತ್ರಿ ಶುರುವಾಗುವುದು ಆಶ್ವಯುಜ ಶುದ್ಧ ಪಾಡ್ಯದಂದು, ಜಂಬೂ ಸವಾರಿ ದಶಮಿಯಂದು. ಯಾವುದಾದರೂ ತಿಥಿ ಎರಡು ದಿನ ಹಬ್ಬಿದರೆ ಹಬ್ಬವೂ ಒಂದು ದಿನ ಹಿಗ್ಗುತ್ತದೆ. 2025ರಲ್ಲಿ ದಸರಾ 11 ದಿನ ನಡೆದದ್ದು ಹಾಗೆಯೇ. ಸಂಕ್ರಾಂತಿ ಮಾತ್ರ ಸೂರ್ಯನ ಲೆಕ್ಕ. ಅದು ಜನವರಿ 14 ಅಥವಾ 15 ಬಿಟ್ಟು ಕದಲುವುದಿಲ್ಲ. ಮನೆಯಲ್ಲಿ ಒಂದು ಒಂಟಿಕೊಪ್ಪಲ್ ಪಂಚಾಂಗ ಇದ್ದರೆ ಸಾಕು. ಅದು ಮೈಸೂರಿನದೇ ಪಂಚಾಂಗ, ಇಲ್ಲಿನ ಹಬ್ಬಗಳು ಅದರಲ್ಲಿ ಸರಿಯಾಗಿ ಸಿಗುತ್ತವೆ.

ಹೆಜ್ಜೆ 2: ದಸರಾ ನೋಡಬೇಕಾದರೆ ಆನೆಗಳ ತಾಲೀಮಿನಿಂದ ಶುರು ಮಾಡಿ

ದಸರಾ ಶುರುವಾಗುವುದಕ್ಕೆ ತಿಂಗಳಿಗೂ ಮುಂಚೆಯೇ, ಸಾಮಾನ್ಯವಾಗಿ ಆಗಸ್ಟ್ ಹೊತ್ತಿಗೆ, ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಗಜಪಯಣಕ್ಕೆ ಪೂಜೆ ನಡೆಯುತ್ತದೆ. ಕಾಡಿನ ಶಿಬಿರಗಳಿಂದ ಆನೆಗಳು ಎರಡು ತಂಡಗಳಲ್ಲಿ ಮೈಸೂರಿಗೆ ಬರುತ್ತವೆ. ಅರಣ್ಯ ಭವನದಲ್ಲಿ ಇಳಿದು, ಆಮೇಲೆ ಅರಮನೆಯ ಜಯಮಾರ್ತಾಂಡ ದ್ವಾರದಲ್ಲಿ ಸ್ವಾಗತ ಪಡೆದು ಒಳಗೆ ಬೀಡು ಬಿಡುತ್ತವೆ. ಮಾವುತರು, ಅವರ ಸಹಾಯಕರಾದ ಕಾವಾಡಿಗಳು ಹೆಂಡತಿ ಮಕ್ಕಳ ಜೊತೆ ಅರಮನೆ ಆವರಣದಲ್ಲೇ ಟೆಂಟ್ ಹಾಕಿಕೊಂಡು ಇರುತ್ತಾರೆ. ಮಕ್ಕಳ ಓದು ನಿಲ್ಲಬಾರದು ಅಂತ ಅಲ್ಲೇ ಒಂದು ಟೆಂಟ್ ಶಾಲೆ ನಡೆಯುತ್ತದೆ.

ನಿಮಗೆ ಬೇಕಾದದ್ದು ಇದರ ನಂತರದ ದಿನಗಳು. ಬೆಳಗ್ಗೆ ಮತ್ತು ಸಂಜೆ ಆನೆಗಳನ್ನು ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಸಿ ತಾಲೀಮು ಕೊಡುತ್ತಾರೆ. ಇದು ಜಂಬೂ ಸವಾರಿಯ ದಾರಿಯೇ: ಚಾಮರಾಜ ವೃತ್ತ, ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ, ಆಯುರ್ವೇದ ವೃತ್ತ, ಬಂಬೂ ಬಜಾರ್, ಹೈವೇ ವೃತ್ತ, ಬನ್ನಿಮಂಟಪ. ಒಟ್ಟು ಸುಮಾರು 5 ಕಿ.ಮೀ. ಟಿಕೆಟ್ ಇಲ್ಲ, ಪಾಸ್ ಇಲ್ಲ. ಫುಟ್‌ಪಾತ್ ಮೇಲೆ ನಿಂತರೆ ಆನೆ ಕೆಲವೇ ಅಡಿ ದೂರದಲ್ಲಿ ನಡೆದುಹೋಗುತ್ತದೆ.

ತಾಲೀಮಿಗೂ ಒಂದು ಕ್ರಮವಿದೆ. ಮೊದಲು ಬರೀ ನಡಿಗೆ. ಆಮೇಲೆ ಬೆನ್ನಿನ ಮೇಲೆ ಗಾದಿ ಕಟ್ಟಿ ಮರಳಿನ ಮೂಟೆ ಇಡುತ್ತಾರೆ. ದಿನ ಕಳೆದಂತೆ ಭಾರ ಹೆಚ್ಚಿಸುತ್ತಾ ಹೋಗುತ್ತಾರೆ. ಕೊನೆಗೆ ಮರದ ಅಂಬಾರಿ ಕಟ್ಟುತ್ತಾರೆ. ಚಿನ್ನದ ಅಂಬಾರಿಯೇ 750 ಕಿಲೊ. ಅದನ್ನು ಹೊತ್ತು, ಅಷ್ಟು ಸದ್ದುಗದ್ದಲದ ನಡುವೆ, ಬೆದರದೆ ಅಷ್ಟು ದೂರ ನಡೆಯಬೇಕು ಅಂದರೆ ಸುಮ್ನೆ ಆಗುವ ಕೆಲಸವಲ್ಲ. ಅದಕ್ಕೇ ಫಿರಂಗಿ ಸದ್ದಿನ ಅಭ್ಯಾಸವನ್ನೂ ಮಾಡಿಸುತ್ತಾರೆ. ಕುದುರೆಗಳೂ ಅಲ್ಲಿರುತ್ತವೆ. ಮರದ ಅಂಬಾರಿಯ ತಾಲೀಮು ನಡೆಯುವ ದಿನ ಯಾವುದೆಂದು ಮೈಸೂರಿನ ಪತ್ರಿಕೆಗಳಲ್ಲಿ ಬರುತ್ತದೆ. ಆ ದಿನ ಬಂದರೆ ಜಂಬೂ ಸವಾರಿಯ ಮುಕ್ಕಾಲು ಪಾಲು ನೋಡಿದ ಹಾಗೆಯೇ. 2020ರಿಂದ ಅಂಬಾರಿ ಹೊತ್ತು ಬಂದ ಅಭಿಮನ್ಯುವನ್ನು, ಅದಕ್ಕೂ ಮುಂಚೆ ಎಂಟು ವರ್ಷ ಹೊತ್ತ ಅರ್ಜುನನನ್ನು ಊರಿನವರು ಮನೆಯ ಹಿರಿಯರ ಬಗ್ಗೆ ಮಾತಾಡಿದಂತೆ ಮಾತಾಡುತ್ತಾರೆ. ಯಾವ ಆನೆ ಗಂಭೀರ, ಯಾವುದು ತುಂಟ, ಎಲ್ಲವೂ ಅವರಿಗೆ ಗೊತ್ತು. ಪಕ್ಕದಲ್ಲಿ ನಿಂತವರನ್ನು ಕೇಳಿ ನೋಡಿ, ಖುಷಿಯಿಂದ ಹೇಳುತ್ತಾರೆ.

ಒಂದು ಕೋರಿಕೆ. ಆನೆಗೆ ಹಣ್ಣು ಕೊಡಲು ಹೋಗಬೇಡಿ, ಸೆಲ್ಫಿಗೆ ಅಂತ ಹತ್ತಿರ ನುಗ್ಗಬೇಡಿ, ಫ್ಲ್ಯಾಶ್ ಹಾಕಬೇಡಿ. ಅವುಗಳ ಊಟ ಲೆಕ್ಕದ್ದು. ಹುಲ್ಲಿನೊಳಗೆ ಭತ್ತ, ಬೆಲ್ಲ, ತೆಂಗಿನಕಾಯಿ ಇಟ್ಟು ಕಟ್ಟುವ ಕುಸುರೆಯನ್ನು ಮಾವುತರೇ ತಿನ್ನಿಸುತ್ತಾರೆ. ಮಾವುತರ ಕೆಲಸ ಕೆಡಿಸದೆ ನೋಡುವುದೇ ಅವರಿಗೆ ನಾವು ಕೊಡುವ ಮರ್ಯಾದೆ.

ಹೆಜ್ಜೆ 3: ನವರಾತ್ರಿಯ ಮೊದಲ ಐದಾರು ದಿನ ಆರಿಸಿಕೊಳ್ಳಿ

ಚಾಮುಂಡಿ ಬೆಟ್ಟದಲ್ಲಿ ದೇವಿಗೆ ಪುಷ್ಪಾರ್ಚನೆಯೊಂದಿಗೆ ದಸರಾ ಶುರುವಾಗುತ್ತದೆ. ಪಾಡ್ಯದಿಂದ ಪಂಚಮಿ, ಷಷ್ಠಿವರೆಗೆ ಜನ ಇರುತ್ತಾರೆ, ಆದರೆ ಉಸಿರಾಡಬಹುದು. ರೂಮಿನ ಬಾಡಿಗೆಯೂ ಕೊನೆಯ ದಿನಗಳಷ್ಟು ಏರಿರುವುದಿಲ್ಲ. ಮೂರು ದಿನ ಇದ್ದರೆ ನಾನು ಹೀಗೆ ಹಂಚುತ್ತೇನೆ.

ಮೊದಲ ಸಂಜೆ ಅರಮನೆ ಮುಂದಿನ ವೇದಿಕೆಗೆ ಮೀಸಲು. ಸಂಗೀತ, ನೃತ್ಯದ ಕಾರ್ಯಕ್ರಮಕ್ಕೆ ಪ್ರವೇಶ ಉಚಿತ. ನಾಡಿನ ದೊಡ್ಡ ವಿದ್ವಾಂಸರು ಇಲ್ಲಿ ಹಾಡುತ್ತಾರೆ, ನುಡಿಸುತ್ತಾರೆ. ಹಾಡು ನಡೆಯುತ್ತಿರುವಾಗಲೇ ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹೊತ್ತಿಕೊಂಡು ಅರಮನೆ ಎದುರು ನಿಲ್ಲುತ್ತದೆ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು. ಈಗ ನಾವು ನೋಡುವುದು ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ, 1912ರಲ್ಲಿ ಮುಗಿದ ಅಂಬಾವಿಲಾಸ ಅರಮನೆ. ದಸರಾ ಅಲ್ಲದ ದಿನಗಳಲ್ಲೂ ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆ ಸ್ವಲ್ಪ ಹೊತ್ತು ಈ ದೀಪ ಹಚ್ಚುತ್ತಾರೆ. ಬೇರೆ ಕಾಲದಲ್ಲಿ ಬರುವವರು ಭಾನುವಾರ ಸೇರಿಸಿಕೊಂಡು ಬನ್ನಿ.

ಎರಡನೇ ದಿನ ಕುಸ್ತಿ. ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದ ಅಖಾಡದಲ್ಲಿ ಮಣ್ಣಿನ ನಾಡಕುಸ್ತಿ ನಡೆಯುತ್ತದೆ. ಮೈಸೂರಿನ ಗರಡಿ ಮನೆಗಳಿಗೆ ಇದು ವರ್ಷದ ದೊಡ್ಡ ದಿನ. ಹಬ್ಬಕ್ಕೆ ಮುಂಚೆಯೇ ಜೋಡಿ ಕಟ್ಟುವ ಕಾರ್ಯಕ್ರಮ ಇರುತ್ತದೆ. ಯಾರ ಎದುರು ಯಾರು ಇಳಿಯಬೇಕು ಅಂತ ಹಿರಿಯ ಪೈಲ್ವಾನರು ಕುಳಿತು ತೀರ್ಮಾನಿಸುತ್ತಾರೆ. ದಸರಾ ಕಂಠೀರವ, ದಸರಾ ಕೇಸರಿ ಬಿರುದುಗಳಿಗೆ ನಡೆಯುವ ಪಂದ್ಯ ನೋಡಲು ಹಳ್ಳಿಗಳಿಂದ ಬಂದ ಅಜ್ಜಂದಿರ ಜೊತೆ ಕುಳಿತುಕೊಳ್ಳಿ. ಯಾವ ಪಟ್ಟು ಏನು ಅಂತ ಅವರೇ ಹೇಳಿಕೊಡುತ್ತಾರೆ. ಮಧ್ಯಾಹ್ನ ಊಟಕ್ಕೆ ಆಹಾರ ಮೇಳ ಹುಡುಕಿ. ಕಾಡಿನ ಜನರು ಬಿದಿರಿನ ಬೊಂಬಿನಲ್ಲಿ ಬೇಯಿಸುವ ಬಂಬೂ ಬಿರಿಯಾನಿಗೆ ಸಾಲು ಉದ್ದ ಇರುತ್ತದೆ, ಬೇಗ ಹೋಗಿ.

ಮೂರನೇ ದಿನ ಗೊಂಬೆಗಳಿಗೆ. ಹಳೇ ಮೈಸೂರಿನ ಮನೆಗಳಲ್ಲಿ ನವರಾತ್ರಿಗೆ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತಾರೆ. ಎಲ್ಲಕ್ಕಿಂತ ಮೇಲೆ ಪಟ್ಟದ ಗೊಂಬೆ, ರಾಜ ಮತ್ತು ರಾಣಿ. ಮದುವೆಯಲ್ಲಿ ತವರಿನವರು ಮಗಳಿಗೆ ಕೊಡುವ ಜೋಡಿ ಅದು. ಸಂಜೆ ಮಕ್ಕಳು ಬೀದಿಯಲ್ಲಿ “ಗೊಂಬೆ ಕೂರಿಸಿದ್ದೀರಾ?” ಅಂತ ಕೇಳುತ್ತಾ ಮನೆಮನೆಗೆ ಹೋಗುತ್ತಾರೆ. ಬಂದ ಮಕ್ಕಳ ಕೈಗೆ ಗೊಂಬೆ ಬಾಗಿನ ಅಂತ ತಿಂಡಿ ಬೀಳುತ್ತದೆ. ನಿಮಗೆ ಪರಿಚಯದವರು ಯಾರಾದರೂ ಮೈಸೂರಿನಲ್ಲಿದ್ದರೆ ಸಂಕೋಚ ಬಿಟ್ಟು ಕೇಳಿ. ಗೊಂಬೆ ಕೂರಿಸಿದ ಮನೆಯವರು ಜನ ಬರಲಿ ಅಂತಲೇ ಕಾಯುತ್ತಿರುತ್ತಾರೆ. ಕೈಯಲ್ಲಿ ಹೂವು ಹಣ್ಣು ತೆಗೆದುಕೊಂಡು ಹೋಗಿ. ಯಾರೂ ಪರಿಚಯ ಇಲ್ಲದಿದ್ದರೆ ಅರಮನೆಯ ಗೊಂಬೆ ತೊಟ್ಟಿ ನೋಡಬಹುದು. ನಜರ್‌ಬಾದಿನಲ್ಲಿ ರಾಮ್ಸನ್ಸ್ ಕಲಾ ಪ್ರತಿಷ್ಠಾನದ ಬೊಂಬೆ ಮನೆಯೂ ಇದೆ.

ಅರಮನೆಯ ಒಳಗೆ ರಾಜವಂಶಸ್ಥರು ನಡೆಸುವ ಖಾಸಗಿ ದರ್ಬಾರ್, ವಿಜಯದಶಮಿ ಬೆಳಗ್ಗೆ ಜಟ್ಟಿಗಳ ನಡುವೆ ನಡೆಯುವ ವಜ್ರಮುಷ್ಟಿ ಕಾಳಗ, ಇವೆಲ್ಲ ಮನೆಯ ಪೂಜೆಯ ಹಾಗೆ ಆಹ್ವಾನ ಇದ್ದವರಿಗೆ ಮಾತ್ರ. ಆ ಹೊತ್ತಿಗೆ ಪ್ರವಾಸಿಗರಿಗೆ ಅರಮನೆ ಪ್ರವೇಶ ಇರುವುದಿಲ್ಲ. ಪಾಡ್ಯ, ಆಯುಧ ಪೂಜೆ, ವಿಜಯದಶಮಿ ದಿನ ಅರಮನೆ ಒಳಗೆ ನೋಡುವ ಯೋಜನೆ ಹಾಕಿಕೊಳ್ಳಬೇಡಿ. ಆಯುಧ ಪೂಜೆಯ ಸಂಜೆ ರಸ್ತೆಯಲ್ಲಿ ಎಲ್ಲೆಲ್ಲೂ ಒಡೆದ ಬೂದುಗುಂಬಳಕಾಯಿ ಬಿದ್ದಿರುತ್ತದೆ. ಸ್ಕೂಟರ್‌ನಲ್ಲಿ ಓಡಾಡುವವರು ಹುಷಾರು, ಟೈರ್ ಜಾರುತ್ತದೆ.

ಹೆಜ್ಜೆ 4: ಜಂಬೂ ಸವಾರಿ ನೋಡಲೇಬೇಕು ಅನ್ನುವವರಿಗೆ

ಮಹಾರಾಜರ ಕಾಲದಲ್ಲಿ ಅಂಬಾರಿಯಲ್ಲಿ ಅರಸರು ಕೂರುತ್ತಿದ್ದರು. ಈಗ ಚಾಮುಂಡೇಶ್ವರಿಯ ಉತ್ಸವ ಮೂರ್ತಿ ಬರುತ್ತದೆ. ಮಧ್ಯಾಹ್ನ ಅರಮನೆಯ ಬಲರಾಮ ದ್ವಾರದಲ್ಲಿ ನಂದಿಧ್ವಜಕ್ಕೆ ಪೂಜೆ. ಸ್ತಬ್ಧಚಿತ್ರಗಳು, ಕಲಾತಂಡಗಳು ಹೊರಡುತ್ತವೆ. ಅಂಬಾರಿ ಆನೆ ಬರುವಾಗ ಪುಷ್ಪಾರ್ಚನೆ, 21 ಕುಶಾಲತೋಪು. ಮುಹೂರ್ತ ವರ್ಷ ವರ್ಷವೂ ಬೇರೆ.

ಅರಮನೆ ಒಳಗೆ ಕುರ್ಚಿಯಲ್ಲಿ ಕೂತು ನೋಡಲು ಟಿಕೆಟ್ ಅಥವಾ ಗೋಲ್ಡ್ ಕಾರ್ಡ್ ಬೇಕು. ದಸರಾದ ಅಧಿಕೃತ ವೆಬ್‌ಸೈಟಿನಲ್ಲಿ ಬಿಟ್ಟ ಕೂಡಲೇ ಖಾಲಿಯಾಗುತ್ತವೆ. ಬೀದಿಯಲ್ಲಿ, ವಾಟ್ಸಾಪಿನಲ್ಲಿ ಪಾಸ್ ಕೊಡಿಸುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ. ರಸ್ತೆ ಬದಿಯಲ್ಲಿ ನಿಲ್ಲುವುದಾದರೆ ಕೆ.ಆರ್. ವೃತ್ತದ ಸುತ್ತ ಬಿಟ್ಟು, ಆಯುರ್ವೇದ ವೃತ್ತ ದಾಟಿ ಬಂಬೂ ಬಜಾರ್ ಕಡೆಗೆ ಹೋಗಿ. ಅಲ್ಲಿ ಜನ ಕಡಿಮೆ. ಮೆರವಣಿಗೆ ತಡವಾಗಿ ಬರುತ್ತದೆ, ಆದರೆ ಅಂಬಾರಿ ಹತ್ತಿರದಿಂದ ಕಾಣುತ್ತದೆ. ಇದು ಹಸ್ತ, ಚಿತ್ತಾ ಮಳೆಗಳ ಕಾಲ. ಬಿಸಿಲಿಗೆ ಟೋಪಿ, ಸಂಜೆಯ ಮಳೆಗೆ ರೈನ್‌ಕೋಟ್ ಇಟ್ಟುಕೊಳ್ಳಿ. ಛತ್ರಿ ಬಿಚ್ಚಿದರೆ ಹಿಂದಿನವರಿಗೆ ಏನೂ ಕಾಣುವುದಿಲ್ಲ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಚೆನ್ನಾಗಿ ಕಾಣುತ್ತದೆ ಅಂತ ಹಳೆಯ ಕಟ್ಟಡಗಳ ಸಜ್ಜ, ಮಾಳಿಗೆ, ಮರ ಹತ್ತಬೇಡಿ. ಈ ದಾರಿಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದುಬಿದ್ದಿವೆ. ನೂರು ವರ್ಷ ದಾಟಿದ ಗೋಡೆಗಳು ಅಷ್ಟು ಭಾರ ತಡೆಯುವುದಿಲ್ಲ.

ಅವತ್ತೇ ರಾತ್ರಿ ಬನ್ನಿಮಂಟಪದ ಮೈದಾನದಲ್ಲಿ ಪಂಜಿನ ಕವಾಯತು. ಅದಕ್ಕೂ ಪಾಸ್ ಬೇಕು. ಎರಡನ್ನೂ ನೋಡಬೇಕು ಅಂದರೆ ಕಷ್ಟ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಒಂದನ್ನು ಬಿಡಿ.

ಇಷ್ಟೆಲ್ಲ ಬೇಡ ಅನ್ನುವವರಿಗೆ ಒಳ್ಳೆಯ ದಾರಿ ಇನ್ನೊಂದಿದೆ: ಶ್ರೀರಂಗಪಟ್ಟಣ. ಮೈಸೂರು ಅರಸರ ದಸರಾ ಶುರುವಾದದ್ದೇ ಅಲ್ಲಿ, ರಾಜ ಒಡೆಯರ ಕಾಲದಲ್ಲಿ, 1610ರಲ್ಲಿ. ರಾಜಧಾನಿ ಮೈಸೂರಿಗೆ ಬಂದ ಮೇಲೆ ದಸರಾವೂ ಇಲ್ಲಿಗೆ ಬಂತು. ಈಗ ಶ್ರೀರಂಗಪಟ್ಟಣದಲ್ಲಿ ನವರಾತ್ರಿಯ ನಡುವೆಯೇ ಬೇರೆ ದಿನ ದಸರಾ ಮಾಡುತ್ತಾರೆ. ಕಿರಂಗೂರಿನ ಬನ್ನಿಮಂಟಪದಿಂದ ಊರೊಳಗೆ ಜಂಬೂ ಸವಾರಿ ಬರುತ್ತದೆ. ಮರದ ಅಂಬಾರಿ, ಡೊಳ್ಳು, ಪೂಜಾ ಕುಣಿತ, ಸುತ್ತಲ ಹಳ್ಳಿಗಳ ಜನ. ಮೈಸೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ಸಾಕು.

ಹೆಜ್ಜೆ 5: ಬೆಟ್ಟಕ್ಕೆ ಆಷಾಢದಲ್ಲಿ ಬನ್ನಿ

ಬೇರೆ ಕಡೆ ಆಷಾಢ ಅಂದರೆ ಶುಭ ಕಾರ್ಯ ಇಲ್ಲದ ತಿಂಗಳು. ಮೈಸೂರಿಗೆ ಮಾತ್ರ ಅದು ಚಾಮುಂಡೇಶ್ವರಿಯ ತಿಂಗಳು. ಆಷಾಢದ ಶುಕ್ರವಾರಗಳಲ್ಲಿ ನಸುಕಿನಿಂದಲೇ ಬೆಟ್ಟಕ್ಕೆ ಜನ ಹರಿಯುತ್ತಾರೆ. ಕೃಷ್ಣ ಪಕ್ಷದ ಸಪ್ತಮಿಗೆ ಅಮ್ಮನವರ ವರ್ಧಂತಿ, ಅಂದರೆ ಹುಟ್ಟುಹಬ್ಬ, ಅಂದು ಚಿನ್ನದ ಪಲ್ಲಕ್ಕಿ ಉತ್ಸವ. ಜಂಬೂ ಸವಾರಿಗಿಂತ ಈ ಶುಕ್ರವಾರಗಳಲ್ಲೇ ಊರಿನವರ ಭಕ್ತಿ ಜಾಸ್ತಿ ಕಾಣುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಈ ದಿನಗಳಲ್ಲಿ ಖಾಸಗಿ ವಾಹನಗಳನ್ನು ಬೆಟ್ಟಕ್ಕೆ ಬಿಡುವುದಿಲ್ಲ. ಲಲಿತಮಹಲ್ ಪಕ್ಕದ ಹೆಲಿಪ್ಯಾಡ್ ಮೈದಾನದಲ್ಲಿ ಗಾಡಿ ನಿಲ್ಲಿಸಿ ಬಸ್ ಹತ್ತಬೇಕು. ಕಾಲಿನಲ್ಲಿ ಶಕ್ತಿ ಇದ್ದರೆ ಮೆಟ್ಟಿಲ ದಾರಿ ಹಿಡಿಯಿರಿ. ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಅವರನ್ನು ದಾಟುವಾಗ ಬದಿಯಲ್ಲಿ ನಡೆಯಿರಿ. ದಾರಿಯಲ್ಲಿ ಸಿಗುವ ಏಕಶಿಲೆಯ ದೊಡ್ಡ ನಂದಿ ದೊಡ್ಡ ದೇವರಾಜ ಒಡೆಯರ ಕಾಲದ್ದು. ಅಲ್ಲಿ ಕೂತು ಸುಧಾರಿಸಿಕೊಳ್ಳಿ. ಆಷಾಢದ ಜಿಟಿಜಿಟಿ ಮಳೆಗೆ ಕಲ್ಲು ಜಾರುತ್ತದೆ, ಇಳಿಯುವಾಗ ಅವಸರ ಬೇಡ.

ಶುಕ್ರವಾರ ದರ್ಶನಕ್ಕೆ ಕೆಲವು ಗಂಟೆ ಸಾಲಿನಲ್ಲಿ ನಿಲ್ಲುವ ತಾಳ್ಮೆ ಇಲ್ಲದವರು ದಸರಾ ಮುಗಿದ ಮೇಲೆ ಬನ್ನಿ. ಆಶ್ವಯುಜ ಹುಣ್ಣಿಮೆಯ ಹೊತ್ತಿಗೆ ಬೆಟ್ಟದಲ್ಲಿ ರಥೋತ್ಸವ, ಅದಾದ ಮೇಲೆ ದೇವಿಕೆರೆಯಲ್ಲಿ ತೆಪ್ಪೋತ್ಸವ. ಹೊರ ಊರಿನವರು ಅಷ್ಟರಲ್ಲಿ ಹೊರಟುಹೋಗಿರುತ್ತಾರೆ.

ಹೆಜ್ಜೆ 6: ಗಣೇಶನಿಂದ ಸಂಕ್ರಾಂತಿವರೆಗೆ

ಸಂಗೀತ ಪ್ರಿಯರು ಗಣೇಶನ ಹಬ್ಬಕ್ಕೆ ಬರಬೇಕು. ವಿ.ವಿ. ಮೊಹಲ್ಲಾದ 8ನೇ ಕ್ರಾಸಿನಲ್ಲಿ ಬೀದಿಗೇ ಚಪ್ಪರ ಹಾಕಿ ದಿನವೂ ಸಂಜೆ ಶಾಸ್ತ್ರೀಯ ಸಂಗೀತ ಕಚೇರಿ ನಡೆಸುತ್ತಾರೆ. ದೊಡ್ಡ ಹೆಸರಿನ ಕಲಾವಿದರನ್ನು ದುಡ್ಡಿಲ್ಲದೆ, ಹತ್ತಿರದಲ್ಲಿ ಕೂತು ಕೇಳಬಹುದು. ಮೈಸೂರಿನ ಕೇಳುಗರು ಎಷ್ಟು ಶ್ರದ್ಧೆಯಿಂದ ಕೇಳುತ್ತಾರೆ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ.

ಡಿಸೆಂಬರ್ ಚಳಿಗೆ ಅರಮನೆ ಅಂಗಳದಲ್ಲಿ ಫಲಪುಷ್ಪ ಪ್ರದರ್ಶನ ಇರುತ್ತದೆ. 24ರ ರಾತ್ರಿ ಸಂತ ಫಿಲೋಮಿನಾ ಚರ್ಚಿನಲ್ಲಿ ಕ್ರಿಸ್‌ಮಸ್ ಪೂಜೆ. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿ ನೋಡಲು ಎಲ್ಲ ಧರ್ಮದವರೂ ಬರುತ್ತಾರೆ. ಪ್ರಾರ್ಥನೆಯ ಹೊತ್ತಿನಲ್ಲಿ ಫೋಟೊ ಬೇಡ, ಅದು ಮುಗಿಯುವವರೆಗೆ ಹೊರಗೆ ಕಾಯಿರಿ.

ನಾಟಕ ಇಷ್ಟವಾದರೆ ರಂಗಾಯಣದ ‘ಬಹುರೂಪಿ’ ರಾಷ್ಟ್ರೀಯ ನಾಟಕೋತ್ಸವ ಬಿಡಬೇಡಿ. ಬಿ.ವಿ. ಕಾರಂತರು ಮೊದಲ ನಿರ್ದೇಶಕರಾಗಿ 1989ರಲ್ಲಿ ಶುರುವಾದ ಸಂಸ್ಥೆ ಅದು. ಉತ್ಸವ ಹೆಚ್ಚಾಗಿ ಚಳಿಗಾಲದಲ್ಲಿ ನಡೆಯುತ್ತದೆ. ಭೂಮಿಗೀತ, ವನರಂಗ, ಕಲಾಮಂದಿರಗಳಲ್ಲಿ ಬೇರೆ ಬೇರೆ ಭಾಷೆಯ ನಾಟಕಗಳು, ಹೊರಗೆ ಜನಪದ ಕುಣಿತ, ಪುಸ್ತಕದ ಅಂಗಡಿ, ಊಟದ ಮಳಿಗೆ. ಭೂಮಿಗೀತದಲ್ಲಿ ಸೀಟು ಕಡಿಮೆ, ಅದರ ಟಿಕೆಟ್ ಮೊದಲು ತೆಗೆದುಕೊಳ್ಳಿ.

ಸಂಕ್ರಾಂತಿಯ ಸಂಜೆ ಬೆಂಗಳೂರು ರಸ್ತೆಯ ಸಿದ್ದಲಿಂಗಪುರಕ್ಕೆ ಹೋಗಿ. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹೂವು ಕಟ್ಟಿದ ದನಗಳನ್ನು ಕಿಚ್ಚು ಹಾಯಿಸುತ್ತಾರೆ. ರಸ್ತೆಗೆ ಹುಲ್ಲು ಹರಡಿ ಬೆಂಕಿ ಹಚ್ಚಿದ ಮೇಲೆ ಎತ್ತು ಮತ್ತು ಆಳು ಒಟ್ಟಿಗೆ ಹಾರಿ ಬರುತ್ತಾರೆ. ಬೆಂಕಿ ದಾಟಿದ ದನ ಯಾವ ಕಡೆ ತಿರುಗುತ್ತದೆ ಹೇಳಲಾಗದು. ಎದುರಿಗೆ ನಿಂತು ವಿಡಿಯೊ ಮಾಡಬೇಡಿ, ಬದಿಯಲ್ಲಿ ದೂರ ನಿಲ್ಲಿ.

ಹೆಜ್ಜೆ 7: ಬೇಸಿಗೆಯ ಎರಡು ದೊಡ್ಡ ಜಾತ್ರೆಗಳು

ಮಾರ್ಚ್–ಏಪ್ರಿಲ್‌ನಲ್ಲಿ ಬರುವವರು ಮೈಸೂರಿನಲ್ಲಿ ಉಳಿದುಕೊಂಡು ಎರಡು ಕಡೆ ಹೋಗಿ ಬರಬಹುದು.

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಒಂದಲ್ಲ, ಐದು ತೇರು: ಗಣಪತಿ, ಶ್ರೀಕಂಠೇಶ್ವರ, ಸುಬ್ರಹ್ಮಣ್ಯ, ಪಾರ್ವತಿ, ಚಂಡಿಕೇಶ್ವರ. ಶ್ರೀಕಂಠೇಶ್ವರನ ಗೌತಮ ರಥವೇ ಎಲ್ಲಕ್ಕಿಂತ ದೊಡ್ಡದು. ತೇರು ಬೆಳಗಿನ ಜಾವವೇ ಎಳೆಯಲು ಶುರು ಮಾಡುತ್ತಾರೆ, ಆದ್ದರಿಂದ ಹಿಂದಿನ ರಾತ್ರಿಯೇ ಊರು ಸೇರಿ. ಹೊಸದಾಗಿ ಮದುವೆಯಾದವರು ತೇರಿಗೆ ಹಣ್ಣು ಜವನ ಎಸೆಯುತ್ತಾರೆ. ನೀವೂ ಒಂದು ಬಾಳೆಹಣ್ಣಿಗೆ ಜವನ ಸಿಕ್ಕಿಸಿ ಎಸೆಯಿರಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಚಕ್ರದ ಹತ್ತಿರ ಹೋಗಬೇಡಿ. ಗಾಲಿಗೆ ಮರದ ತುಂಡು ಕೊಟ್ಟು ತೇರು ನಿಲ್ಲಿಸುವ, ತಿರುಗಿಸುವ ಕೆಲಸ ಪಳಗಿದವರದು. ಕಪಿಲಾ ನದಿಯಲ್ಲಿ ಸ್ನಾನ ಮಾಡುವವರು ಮೆಟ್ಟಿಲಿನಲ್ಲೇ ಮುಳುಗಿ ಏಳಿ, ಆಳಕ್ಕೆ ಇಳಿಯಬೇಡಿ.

ಮೇಲುಕೋಟೆಯ ವೈರಮುಡಿ ರಾತ್ರಿಯ ಉತ್ಸವ. ವೈರಮುಡಿ ಅಂದರೆ ವಜ್ರದ ಕಿರೀಟ. ಚೆಲುವನಾರಾಯಣ ಸ್ವಾಮಿಯ ಈ ಕಿರೀಟಕ್ಕೆ ಹಗಲಿನ ಬೆಳಕು ತಾಕಬಾರದು ಎಂಬ ನಂಬಿಕೆ ಇದೆ. ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಕಿರೀಟದ ಪೆಟ್ಟಿಗೆ ಹೊರಡುತ್ತದೆ. ದಾರಿಯ ಹಳ್ಳಿಗಳಲ್ಲಿ ಜನ ರಂಗೋಲಿ ಹಾಕಿ, ಹಣ್ಣುಕಾಯಿ ಹಿಡಿದು ಕಾಯುತ್ತಾರೆ. ಆ ಹಳ್ಳಿಗಳಲ್ಲಿ ಒಂದರಲ್ಲಿ ನಿಂತು ಪೆಟ್ಟಿಗೆ ಬರುವುದನ್ನು ನೋಡಿ, ಆಮೇಲೆ ಮೇಲುಕೋಟೆಗೆ ಹೋಗಿ. ರಾತ್ರಿ ಸ್ವಾಮಿಗೆ ಕಿರೀಟ ತೊಡಿಸಿ ಗರುಡ ವಾಹನದಲ್ಲಿ ಬೀದಿಗೆ ತರುತ್ತಾರೆ. ಬೆಳಗಾಗುವ ಮುಂಚೆ ಅದನ್ನು ತೆಗೆದು ರಾಜಮುಡಿ ಎಂಬ ಇನ್ನೊಂದು ಕಿರೀಟ ಇಡುತ್ತಾರೆ. ರಾಜಮುಡಿ ರಾಜ ಒಡೆಯರು ಕೊಟ್ಟದ್ದು. ಅಲ್ಲಿ ಗುಡ್ಡದ ಕಿರಿದಾದ ಬೀದಿಗಳು, ಆದ್ದರಿಂದ ಕಾರಿಗಿಂತ ವಿಶೇಷ ಬಸ್ಸುಗಳೇ ಮೇಲು. ಪುಳಿಯೋಗರೆ ತಿನ್ನದೆ ಬರಬೇಡಿ.

ಹೆಜ್ಜೆ 8: ರೂಮು, ದಾರಿ, ಬಟ್ಟೆ

ದಸರಾಗೆ ರೂಮು ಕನಿಷ್ಠ ಎರಡು ತಿಂಗಳು ಮುಂಚೆ ಹಿಡಿಯಿರಿ. ರೈಲ್ವೆ ನಿಲ್ದಾಣದ ಹತ್ತಿರ ಅಥವಾ ಯಾದವಗಿರಿ ಕಡೆ ಸಿಕ್ಕರೆ ಒಳ್ಳೆಯದು. ದೀಪಾಲಂಕಾರ ನೋಡಲು ನಡೆದೇ ಹೋಗಬಹುದು. ಹಬ್ಬದ ಸಂಜೆಗಳಲ್ಲಿ ಅರಮನೆ ಸುತ್ತಲಿನ ರಸ್ತೆಗಳು ಏಕಮುಖ ಆಗುತ್ತವೆ, ಪಾರ್ಕಿಂಗ್ ಸಿಗುವುದಿಲ್ಲ. ಬೆಂಗಳೂರಿನಿಂದ ರೈಲಿನಲ್ಲಿ ಬರುವುದೇ ಸುಖ. ಬೈಕಿನಲ್ಲಿ ಬರುವವರು ನೆನಪಿಡಿ, ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನಗಳಿಗೆ ಅವಕಾಶ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು.

ದೇವಸ್ಥಾನ, ಅರಮನೆ ಎರಡರಲ್ಲೂ ಚಪ್ಪಲಿ ಬಿಡಬೇಕು. ಸುಲಭವಾಗಿ ಬಿಚ್ಚುವಂಥದ್ದು ಹಾಕಿಕೊಳ್ಳಿ. ಮೈ ಮುಚ್ಚುವ ಹತ್ತಿ ಬಟ್ಟೆ ಎಲ್ಲ ಕಡೆಗೂ ನಡೆಯುತ್ತದೆ. ಮಕ್ಕಳ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದಿಡಿ, ಎಲ್ಲರೂ ಚದುರಿದರೆ ಸೇರಬೇಕಾದ ಜಾಗವನ್ನು ಮೊದಲೇ ಗೊತ್ತು ಮಾಡಿ. ಜನಸಂದಣಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನವನ್ನು ದಸರಾ ದಿನಗಳಲ್ಲೇ ನೋಡಬೇಕೆಂದಿಲ್ಲ, ಅದು ಹಬ್ಬ ಮುಗಿದ ಮೇಲೂ ವಾರಗಟ್ಟಲೆ ತೆರೆದಿರುತ್ತದೆ. ಮನೆಗೆ ಮೈಸೂರು ಮಲ್ಲಿಗೆ, ವೀಳ್ಯದೆಲೆ ಒಯ್ಯುವವರು ದೇವರಾಜ ಮಾರುಕಟ್ಟೆಗೆ ಬೆಳಗ್ಗೆ ಬೇಗ ಹೋಗಿ, ಮಧ್ಯಾಹ್ನದ ಹೊತ್ತಿಗೆ ಒಳ್ಳೆಯ ಹೂವು ಮುಗಿದಿರುತ್ತದೆ.